ಸಡಿಲ ಸುತ್ತು

"ನನ್ನ ಕಾಯಿಲ್‌ಗೆ ಕೈ ಹಾಕು ಅಂತ ಯಾರೇ ಹೇಳಿದ್ದು? ಒಬ್ಬರು ಶುರು ಮಾಡಿದ್ದನ್ನ ಅವರೇ ಮುಗಿಸ್ಬೇಕು. ಊಟ ಮುಗಿಸಿ ಬರೋದ್ರೊಳಗೆ ಹಾಳು ಮಾಡಿದ್ಯಲ್ಲ. ನೋಡು, ತಂತಿ ಹೇಗೆ ಜೋಲು ಬಿದ್ದಿದೆ," ಎಂದು ಅತ್ತೆ ಸೊಸೆಯ ಮೇಲೆ ಹರಿಹಾಯ್ದಳು. ಆ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಅತ್ತೆ ಸುತ್ತಿದ ಒಂದು ಕಾಯಿಲೂ ಪರೀಕ್ಷೆಯಲ್ಲಿ ಸೋತಿರಲಿಲ್ಲ. ಸೊಸೆಗೆ ಕೆಲಸ ಕಲಿಸಿದವಳೂ ಅವಳೇ.

"ಮೇಸ್ತ್ರಿ ಅವಸರ ಮಾಡಿದ್ರು ಅತ್ತೆ. ನೀವು ನಿಲ್ಲಿಸಿದ್ದಲ್ಲಿ ಈ ಕೆಂಪು ಪಟ್ಟಿ ಕಟ್ಟಿ, ಅಲ್ಲಿಂದ ಈಚೆಗಷ್ಟೇ ಸುತ್ತಿದೆ."

ಅತ್ತೆ ಪಟ್ಟಿಯ ಈಚೆಗೆ ಹೆಬ್ಬೆರಳು ಒತ್ತಿದಳು. ತಂತಿ ಕಲ್ಲಿನ ಹಾಗೆ ಬಿಗಿಯಾಗಿತ್ತು. ಆಚೆಗೆ, ತಾನು ಬೆಳಗ್ಗೆ ಸುತ್ತಿದ್ದಲ್ಲಿ ಒತ್ತಿದಳು. ಅಲ್ಲಾಡಿತು.

"ನನ್ನ ಬಾಯಿಗಿರೋ ಜೋರು ಈಗ ಕೈಗಿಲ್ಲ ಬಿಡು," ಎಂದು, ತಂತಿ ಕೊಯ್ಯದಂತೆ ಎಡಗೈ ಬೆರಳಿಗೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿ ಸೊಸೆಯ ಅಂಗೈಯಲ್ಲಿಟ್ಟಳು. "ಪೂರ್ತಿ ಬಿಚ್ಚಿ ನೀನೇ ಸುತ್ತು."

ಅಂದು ಗೇಟು ದಾಟಿದ ಅತ್ತೆ ಮತ್ತೆ ಆ ಕಾರ್ಖಾನೆಗೆ ಕಾಲಿಡಲಿಲ್ಲ.