ಹಗ್ಗದಾಚೆಯ ಮೂಲೆ

ಕಾವಲುಗಾರ ಮತ್ತೆ ನೆಲ ತುಳಿಯುತ್ತಿದ್ದ.

ಇದು ನಾಲ್ಕನೆಯ ಬೆಳಗು. ಶಾಲೆಯ ಮಹಡಿಯ ಕೋಣೆಯಲ್ಲಿ, ಕಿಟಕಿಗೆ ಮುಖವೊತ್ತಿ ಅವಳು ನೋಡುತ್ತಿದ್ದಳು. ಬೆಳಕು ಆಗತಾನೇ ಹರಿದಿತ್ತು. ಮುದುಕ ಕೀಲಿಕೈ ಗೊಂಚಲನ್ನೂ ಕನ್ನಡಕವನ್ನೂ ಗೇಟಿಗೆ ತಗುಲಿಹಾಕಿದ. ನಾಯಿಯನ್ನು ಹೊರಗೆ ಕಟ್ಟಿದ. ಒಬ್ಬನೇ ಹಗ್ಗದಾಚೆ ಹೋದ. ಹಿಮ್ಮಡಿಗೆ ಬೆರಳು ತಾಗುವಷ್ಟು ಸಣ್ಣ ಹೆಜ್ಜೆ. ಒಂದೊಂದಕ್ಕೂ ನಿಂತು, ಮೈಭಾರವನ್ನೆಲ್ಲ ಬಿಟ್ಟು ಮಣ್ಣು ತುಳಿದ. ನಡುನಡುವೆ ಎರಡೂ ಕಾಲೆತ್ತಿ ಕುಪ್ಪಳಿಸಿದ. ಆ ವಯಸ್ಸಿಗೆ ಆ ಕುಣಿತ ನೋಡಿದರೆ ನಗು ಬರಬೇಕು. ಅವಳಿಗೆ ಬರಲಿಲ್ಲ.

"ಏನೋ ಹೂತಿದ್ದಾನೆ ಕಣೇ. ಮಣ್ಣು ಗಟ್ಟಿ ಮಾಡ್ತಿದ್ದಾನೆ."

"ಇಂಜಿನಿಯರಮ್ಮಾ, ಸುಮ್ನೆ ಮಲ್ಕೋ," ಎಂದಳು ಗೆಳತಿ, ಹೊದಿಕೆಯೊಳಗಿಂದಲೇ. ಎಲ್ಲದಕ್ಕೂ ಅಳತೆಪಟ್ಟಿ ಹಿಡಿದು ಓಡುವವಳಿಗೆ ಕಾಲೇಜಿನವರು ಇಟ್ಟ ಹೆಸರು ಅದು.

ಹನ್ನೊಂದು ವಿದ್ಯಾರ್ಥಿಗಳು, ಒಬ್ಬ ಮೇಷ್ಟ್ರು. ವಿಮಾನ ಹತ್ತಿ ಪರದೇಶಕ್ಕೆ ಬಂದದ್ದು ಈ ಶಾಲೆಯ ಮಕ್ಕಳಿಗೆ ಆಟದ ಮೈದಾನ ಕಟ್ಟಿಕೊಡಲು. ನಾಲ್ಕು ಜೋಕಾಲಿ, ಒಂದು ಜಾರುಬಂಡೆ, ಹತ್ತೇ ದಿನ. ಆದರೆ ಮೈದಾನಕ್ಕೆ ಅಡ್ಡಲಾಗಿ ಒಂದು ಬಿಳಿ ಹಗ್ಗ ಕಟ್ಟಿತ್ತು. ದಿನಾ ಬೆಳಿಗ್ಗೆ ಕಾವಲುಗಾರ ಅದನ್ನು ನಾಲ್ಕಾರು ಮಾರು ಮುಂದಕ್ಕೆ ಸರಿಸುವನು; ಅಷ್ಟರೊಳಗೇ ಇವರು ಗುಂಡಿ ತೋಡಬೇಕು. ಹಗ್ಗ ದಾಟಲು ಹೋದವರ ಕೈಯಿಂದ ಗುದ್ದಲಿ ಕಿತ್ತುಕೊಳ್ಳುವನು. ಜಾರುಬಂಡೆ ಬರಬೇಕಾದ ಮೂಲೆ ಇನ್ನೂ ಹಗ್ಗದಾಚೆಯೇ ಉಳಿದಿತ್ತು.

ಊರಿನವರದೂ ಒಂದು ಥರ. ತಾಯಂದಿರು ಬೇಲಿಯ ಹೊರಗೇ ನಿಲ್ಲುವರು, ಮಕ್ಕಳ ಮಣಿಕಟ್ಟು ಬಿಗಿಯಾಗಿ ಹಿಡಿದು. ಚೆಂಡು ಒಳಗೆ ಬಿದ್ದರೆ ಯಾವ ಮಗುವೂ ಹಿಂದೆ ಓಡಿ ಬರುತ್ತಿರಲಿಲ್ಲ.

ಊರಿನಲ್ಲಿ ಈ ವಿದ್ಯಾರ್ಥಿಗಳ ಭಾಷೆ ಬರುತ್ತಿದ್ದದ್ದು ಶಾಲೆಯ ಟೀಚರಮ್ಮ ಒಬ್ಬರಿಗೇ; ಇವರ ದೇಶದಲ್ಲಿ ನಾಲ್ಕು ವರ್ಷ ಓದಿ ಹೋದವರು. ಆ ದಿನ ಸಿಮೆಂಟು ಕಲಸುತ್ತ ಅವಳು ಕೇಳಿಯೇಬಿಟ್ಟಳು.

"ಆ ಮೂಲೇಲಿ ಏನಿದೆ ಟೀಚರ್?"

"ಏನೂ ಇಲ್ಲ. ಕಾಗದದ ಪ್ರಕಾರ ಏನೂ ಇಲ್ಲ."

"ಮತ್ತೆ ಆ ತಾತನಿಗೇನು ಕಷ್ಟ?"

ಟೀಚರಮ್ಮ ಬೇಲಿಯ ಕಡೆ ನೋಡಿದರು. ದನಿ ಇಳಿಯಿತು. "ಅವರ ಮೊಮ್ಮಗಳು ಕೊನೇ ಸಲ ಆಡಿದ್ದು ಅಲ್ಲೇ. ನಾವ್ಯಾರೂ ಆ ಮಾತೆತ್ತಲ್ಲ. ನೀನೂ ಎತ್ತಬೇಡ."

ಅವಳು ಮೇಷ್ಟ್ರ ಹತ್ತಿರ ಓಡಿದಳು. "ಬಂದ ಕೆಲಸ ಮುಗಿಸ್ಕೊಂಡು ಹೋಗೋಣಮ್ಮ," ಎಂದರು ಅವರು. "ಕಂಡವರ ಮನೆ ಉಸಾಬರಿ ನಮಗ್ಯಾಕೆ?"

ಆ ರಾತ್ರಿ ಅವಳು ಹೊದಿಕೆಯೊಳಗೆ ಒಂದೊಂದನ್ನೇ ಲೆಕ್ಕ ಹಾಕಿದಳು. ಇಲ್ಲವಾದ ಮಗು. ಬಾಯಿಗೆ ಬೀಗ ಹಾಕಿಕೊಂಡ ಊರು. ಮಣ್ಣು ತುಳಿಯುವ ತಾತ. ಇಷ್ಟು ಕಂಡೂ ಸುಮ್ಮನಿದ್ದರೆ ತಾನೆಂಥ ಮನುಷ್ಯಳು?

ಐದನೆಯ ಬೆಳಿಗ್ಗೆ, ಮುದುಕ ಬರುವ ಹೊತ್ತಿಗೆ ಸರಿಯಾಗಿ ಗುದ್ದಲಿ ಹಿಡಿದು ಶಾಲೆಯ ಹಿಂದಿನಿಂದ ಸುತ್ತಿಕೊಂಡು ಹೋದಳು. ಬೇಲಿ ಹತ್ತಿದಳು. ಮೂಲೆಗೆ ಧುಮುಕಿದಳು. ಎರಡು ಹೆಜ್ಜೆ ಇಟ್ಟಳು.

ಆಚೆ ತುದಿಯಲ್ಲಿದ್ದ ಮುದುಕ ತಲೆಯೆತ್ತಿದ. ಅವನ ಬಾಯಿಂದ ಹೊರಟ ಕೂಗಿಗೆ ಹೊರಗಿನ ನಾಯಿ ಊಳಿಟ್ಟಿತು.

ಅವನು ಅವಳ ಕಡೆಗೇ ಹೊರಟ. ಓಡಿ ಬರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಒಂದು ಹೆಜ್ಜೆ, ಧಪ್. ಇನ್ನೊಂದು ಹೆಜ್ಜೆ, ಧಪ್. ಕಣ್ಣು ಅವಳ ಪಾದದ ಮೇಲೇ ನೆಟ್ಟಿತ್ತು. ಅವಳು ಗುದ್ದಲಿಯನ್ನು ತಲೆಯ ಮೇಲಕ್ಕೆತ್ತಿ ಹಿಂದೆ ಸರಿಯಲು ಹೊರಟಳು.

"ಅಲ್ಲಾಡಬೇಡ!" ಕೂಗು ಕೇಳಿ ಗೇಟಿಗೆ ಓಡಿಬಂದ ಟೀಚರಮ್ಮ ಕಿರುಚುತ್ತಿದ್ದರು. "ನಿಂತಲ್ಲೇ ನಿಲ್ಲು! ಗುದ್ದಲಿ ನೆಲಕ್ಕೆ ತಾಗಿಸಬೇಡ!"

ಇವರೂ ಅವನ ಜೊತೆಗೇ ಎಂದುಕೊಂಡಳು. ಕಾಲು ಮಾತ್ರ ಕೀಳಲಾಗಲಿಲ್ಲ.

ಮುದುಕ ಹತ್ತಿರ ಬಂದ. ಮುಖವೆಲ್ಲ ಬೆವರು, ತುಟಿ ಅದುರುತ್ತಿತ್ತು. ಅವಳ ಕೈಯಿಂದ ಗುದ್ದಲಿಯನ್ನು ಮೆಲ್ಲಗೆ ಬಿಡಿಸಿ ಬೇಲಿಯಾಚೆ ಎಸೆದ. ಆಮೇಲೆ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತು, ತನ್ನ ಹೆಗಲನ್ನು ತಟ್ಟಿ ತೋರಿಸಿದ. ಏನು ಮಾಡಲೂ ತೋಚದೆ ಅವಳು ಆ ಬೆನ್ನೇರಿದಳು. ಬಂದ ಹೆಜ್ಜೆಗುರುತುಗಳ ಮೇಲೇ ಹೆಜ್ಜೆಯಿಟ್ಟು, ಏದುಸಿರು ಬಿಡುತ್ತ, ಅವಳನ್ನು ಹಗ್ಗದೀಚೆ ತಂದಿಳಿಸಿದ. ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

"ಏನು ಹೂತಿದ್ದಾರೆ ಟೀಚರ್ ಅಲ್ಲಿ?" ಎಂದು ಕೇಳಿದಳು ಅವಳು.

"ಹೂತದ್ದು ಇವರಲ್ಲ, ಸೈನಿಕರು. ಯುದ್ಧ ಮುಗಿದ ಮೇಲೆ, ಬಾಂಬೆಲ್ಲ ತೆಗೆದಾಯ್ತು, ಮಕ್ಕಳು ಆಡಬಹುದು ಅಂತ ಸರ್ಕಾರ ಕಾಗದ ಕೊಡ್ತು. ಮೊಮ್ಮಗಳು ಆಡೋಕೆ ಹೋಗಿದ್ದು ಆ ಕಾಗದ ಬಂದ ಮಾರನೇ ದಿನ. ಅದಕ್ಕೇ ನೀವು ಕಾಲಿಡೋ ಜಾಗದಲ್ಲೆಲ್ಲ ಮೊದಲು ತಾವೇ ಕಾಲಿಟ್ಟು ನೋಡ್ತಾರೆ."