ಕಾಲೆತ್ತದ ಹುಡುಗಿ

ಗಂಡಿನ ಕಡೆಯವರು ಬರುವ ಮೊದಲೇ ಅಮ್ಮ ಗೋಡೆಯಲ್ಲಿ ತೂಗುತ್ತಿದ್ದ ಪದಕಗಳನ್ನೆಲ್ಲ ಇಳಿಸಿ ಅಕ್ಕಿ ಡಬ್ಬದೊಳಗೆ ಹೂತಿಟ್ಟಳು.

"ಟೇಕ್ವಾಂಡೊ ಅಂತ ಬಾಯಿ ಬಿಟ್ಟೀಯ, ಜೋಕೆ! ದೇಶದೇಶ ಸುತ್ತಿ ಕಂಡೋರನ್ನ ಒದ್ದು ಬಂದವಳನ್ನ ಯಾರು ಸೊಸೆ ಮಾಡ್ಕೋತಾರೆ?"

"ಸುಮ್ಸುಮ್ನೆ ಒದೆಯಲ್ಲಮ್ಮ. ಎದುರಾಳಿಗೆ ಮೊದಲು ಬಗ್ಗಿ ವಂದಿಸ್ತೀವಿ, ಆಮೇಲೆ ಒದೀತೀವಿ," ಎಂದ ಮಗಳು ಸೆರಗು ಸರಿಮಾಡಿಕೊಂಡು ಕಾಫಿ ತಟ್ಟೆ ಎತ್ತಿಕೊಂಡಳು.

ಹುಡುಗನ ತಾಯಿ ಲೋಟ ತೆಗೆದುಕೊಳ್ಳುತ್ತಲೇ ಕೇಳಿದರು: "ಆಟಗೀಟದ ಹುಚ್ಚು ಏನೂ ಇಲ್ಲ ತಾನೆ?"

"ಅಯ್ಯೋ, ಇಲ್ಲ ಕಣ್ರೀ! ರಂಗೋಲಿ, ಕಸೂತಿ, ಅಷ್ಟೇ," ಎಂದಳು ಅಮ್ಮ.

"ನಮಗೂ ಅಂಥವಳೇ ಬೇಕು ನೋಡಿ. ನನ್ನ ಮಗಳೂ ಹಾಗೇ, ಹೊಸ್ತಿಲು ದಾಟಿದವಳಲ್ಲ. ಹೆಣ್ಣುಮಕ್ಕಳು ಕಾಲೆತ್ತೋಕೆ ಶುರು ಮಾಡಿದ್ರೆ ಮನೆತನದ ಮರ್ಯಾದೆ ಉಳಿಯುತ್ತಾ?"

"ಖಂಡಿತಾ ಇಲ್ಲ," ಎಂದು ಅಮ್ಮ ಇನ್ನಷ್ಟು ಕೋಡುಬಳೆ ಬಡಿಸಿದಳು.

ಅಷ್ಟರಲ್ಲಿ, ಕಾರಿನಲ್ಲೇ ಉಳಿದಿದ್ದ ಹಣ್ಣಿನ ಬುಟ್ಟಿ ತರಲು ಹೋಗಿದ್ದ ಹುಡುಗನ ತಾಯಿಯ ಆ ಮಗಳು ಒಳಗೆ ಬಂದಳು. ಕಾಫಿ ತಟ್ಟೆ ಹಿಡಿದು ನಿಂತಿದ್ದವಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

ಒಬ್ಬಳು ಬುಟ್ಟಿ ಕೆಳಗಿಟ್ಟಳು, ಇನ್ನೊಬ್ಬಳು ತಟ್ಟೆ ಕೆಳಗಿಟ್ಟಳು. ತಮಗೇ ಅರಿವಿಲ್ಲದಂತೆ ಇಬ್ಬರೂ ಹಿಮ್ಮಡಿ ಜೋಡಿಸಿ, ಕೈಗಳನ್ನು ಪಕ್ಕಕ್ಕೆ ಬಿಗಿಹಿಡಿದು, ಸೊಂಟದಿಂದ ಬಗ್ಗಿ ವಂದಿಸಿದರು.