ತಾಳ ತಪ್ಪಿದವನು

“ಎಲ್ಲ ಚೆನ್ನಾಗಿ ಕೇಳಿಸ್ತು. ನಮ್ಮಪ್ಪ ಎಲ್ಲಿ?” ಹೆಡ್‌ಫೋನ್ ತೆಗೆದಿಡುತ್ತ ಮುದುಕಿ ಕೇಳಿದಳು.

ಹಳೆಯ ಗ್ರಾಮಫೋನ್ ಪ್ಲೇಟುಗಳ ಸದ್ದನ್ನು ಕಂಪ್ಯೂಟರಿಗಿಳಿಸಿ ಶುಚಿ ಮಾಡಿಕೊಡುವ ತಂತ್ರಜ್ಞ ತಬ್ಬಿಬ್ಬಾದ. ನಾಲ್ಕು ದಿನ ಕೂತು, ಜಾಝ್ ಕಾಲದ ಆ ಡ್ಯಾನ್ಸ್ ಬ್ಯಾಂಡಿನ ಒಂದೊಂದು ವಾದ್ಯವೂ ಪಕ್ಕದ ಕೋಣೆಯಲ್ಲೇ ನುಡಿದಂತೆ ಮಾಡಿದ್ದ. ಅವಳ ತಂದೆ ಏನು ನುಡಿಸುತ್ತಿದ್ದರೆಂದು ಕೇಳುವುದನ್ನೇ ಮರೆತಿದ್ದ.

ಡ್ರಮ್ಮು, ಎಂದಳು. ಆದರೆ ಆಗ ಮೈಕ್ ಇರಲಿಲ್ಲ. ಎಲ್ಲರೂ ಒಂದೇ ಕೊಳವೆಯ ಬಾಯಿಗೆ ನುಡಿಸಬೇಕು, ಅದರ ಇನ್ನೊಂದು ತುದಿಯ ಸೂಜಿ ಮೇಣದ ತಟ್ಟೆಯ ಮೇಲೆ ಗೀರಬೇಕು. ಡ್ರಮ್ಮು ಬಾರಿಸಿದರೆ ಸೂಜಿ ಹಾರಿಬಿಡುತ್ತಿತ್ತು. ಅದಕ್ಕೇ ಅಪ್ಪನನ್ನು ದೂರ ನಿಲ್ಲಿಸಿ, ಕೈಗೊಂದು ಮರದ ತುಂಡು ಕೊಟ್ಟು, ಅದನ್ನೇ ಕುಟ್ಟು ಅಂದಿದ್ದರಂತೆ.

ತಂತ್ರಜ್ಞನಿಗೆ ನಾಚಿಕೆಯಾಯಿತು. ಟಕ್ ಎಂದದ್ದನ್ನೆಲ್ಲ ಗೀರು, ಧೂಳು ಎಂದುಕೊಂಡು ಗುಡಿಸಿ ಹಾಕಿದ್ದ.

ಮುದುಕಿ ಬೈಯಲಿಲ್ಲ, ಅಪ್ಪನ ಕತೆ ಹೇಳಿದಳು. ಪ್ಲೇಟು ಹೊರಬಂದ ವಾರವೇ ಬ್ಯಾಂಡಿನ ಯಜಮಾನ ಅಪ್ಪನನ್ನು ತೆಗೆದುಹಾಕಿದ. ಇವನ ಕೈಯಲ್ಲಿ ತಾಳ ನಿಲ್ಲುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದ. ಮತ್ತೆ ಯಾರೂ ಕರೆಯಲಿಲ್ಲ. ಅಪ್ಪ ಗೋದಾಮಿನಲ್ಲಿ ಮೂಟೆ ಹೊತ್ತ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ ಅಮ್ಮ, ತಾಳ ತಪ್ಪಿದವರಿಗೆ ಉಪ್ಪಿನ ಹದ ಗೊತ್ತಾ ಎನ್ನುತ್ತಿದ್ದಳು.

“ನಿಜವೋ ಸುಳ್ಳೋ, ಸಾಯೋದ್ರೊಳಗೆ ನನ್ನ ಕಿವಿಯಲ್ಲೇ ಒಂದ್ಸಲ ಕೇಳ್ಬೇಕು ಕಣಪ್ಪ. ಅಷ್ಟೇ.”

ಅವನು ಶುಚಿ ಮಾಡದ ಮೂಲ ಪ್ರತಿಯನ್ನು ಹಾಕಿದ. ಚಟಪಟ ಸದ್ದಿನ ನಡುವೆ ಅವಳ ಬೆರಳು ಮೆಲ್ಲಗೆ ಮೇಜು ಕುಟ್ಟತೊಡಗಿತು.

“ಇದೇ. ಕೇಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.”

ಅವನು ಪರದೆ ನೋಡಿದ. ಅವಳು ಹಿಡಿದಿದ್ದ ಸದ್ದು ಸುಮಾರು ಮುಕ್ಕಾಲು ಸೆಕೆಂಡಿಗೊಮ್ಮೆ, ಚೂರೂ ತಪ್ಪದೆ ಬರುತ್ತಿತ್ತು. ಪ್ಲೇಟು ಒಂದು ಸುತ್ತು ತಿರುಗಲು ಬೇಕಾದ ಸಮಯವೂ ಅಷ್ಟೇ. ಅದು ಪ್ಲೇಟನ್ನು ಅಂಚಿನಿಂದ ನಡುವಿನವರೆಗೆ ಸೀಳಿದ್ದ ಬಿರುಕು. ಸೂಜಿ ದಾಟಿದಾಗಲೆಲ್ಲ ಟಕ್. ಹಾಡಿನ ನಡೆ ಅದಕ್ಕೆ ಹೊಂದಿಕೊಂಡದ್ದು ಬರೀ ಆಕಸ್ಮಿಕ. ಮರದ ಪೆಟ್ಟು ಬೇರೆಯೇ ಇತ್ತು. ತುಸು ಮಂದ, ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಂದೆಡೆ ಎರಡು ಪೆಟ್ಟು ಬಿಟ್ಟೇ ಹೋಗಿತ್ತು.

“ಅಜ್ಜಿ, ಅದು...”

“ಹೇಳಪ್ಪ.” ಅವಳ ಕಣ್ಣು ತುಂಬಿತ್ತು.

“ಏನಿಲ್ಲ. ಚೆನ್ನಾಗಿ ಬಾರಿಸಿದ್ದಾರೆ.”

ಅವಳು ತಲೆಯಾಡಿಸಿ ಮತ್ತೊಮ್ಮೆ ಕಿವಿಗೊಟ್ಟಳು. ಹುಬ್ಬು ಗಂಟಿಕ್ಕಿತು.

“ಮಧ್ಯೆ ಮಧ್ಯೆ ಯಾವುದೋ ದರಿದ್ರ ಸದ್ದು ಬರ್ತಿದೆ ನೋಡು, ಅಪ್ಪನ ತಾಳ ಕೆಡಿಸೋಕೇ ಅಂತ. ಅದನ್ನ ತೆಗೆದುಬಿಡು.”

ಅವನು ಮರದ ಪೆಟ್ಟುಗಳನ್ನು ಒಂದೊಂದಾಗಿ ಗುರುತು ಮಾಡಿ ಅಳಿಸತೊಡಗಿದ. ಅವಳು ಪಕ್ಕದಲ್ಲೇ ಕೂತು, ಒಂದೊಂದು ಹೋದಾಗಲೂ “ಹಾ, ಈಗ ಸರಿಹೋಯ್ತು” ಎನ್ನುತ್ತಿದ್ದಳು.